ಜಿಲೇಬಿ ಒತ್ತಿರಿ, ಹೊರಸು ಹಾಕಿರಿ

ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆಯುವವಳಿಗೆ ನಗೆಗೇನೂ ಬರವಿಲ್ಲ. ನಾನು ಹುಡುಕಿಕೊಂಡು ಹೋಗದಿದ್ದರೂ ಅದೇ ಕ್ಲಾಸಿನ ಬಾಗಿಲು ತಳ್ಳಿ ಒಳಗೆ ಬಂದು, ಕುರ್ಚಿ ಎಳೆದುಕೊಂಡು, "ಮೇಡಂ, ಜರಾ ನೋಡ್ರಿ ಇಲ್ಲಿ" ಅನ್ನುತ್ತದೆ.

ಈಗ ನೌಬಾದದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಕ್ಲಾಸು ಇದೆ. ಅದಕ್ಕೂ ಮೊದಲು ಭಾಲ್ಕಿಯಲ್ಲಿ ಕಲಿಸುತ್ತಿದ್ದೆ. ನಡುನಡುವೆ ತರಬೇತಿ ಕೊಡಲು ಔರಾದದ ಬಸ್ಸು ಹತ್ತುತ್ತಿದ್ದೆ. ಇಷ್ಟು ವರ್ಷ ಕಲಿಸಿ ನನಗೆ ತಿಳಿದದ್ದು ಒಂದೇ. ಕೀಬೋರ್ಡಿನಲ್ಲಿ ಅಕ್ಷರಗಳು ಸಾಧು, ಅಂಕಿಗಳೂ ಸಾಧು. ತಂಟೆಯೆಲ್ಲ ಅಂಕಿಗಳ ನೆತ್ತಿ ಮೇಲೆ ಹತ್ತಿ ಕೂತಿರುವ ಮತ್ತು ಮೂಲೆಗಳಲ್ಲಿ ಅಡಗಿರುವ ಆ ಚಿಹ್ನೆಗಳದ್ದು. 'ಎ'ಗೆ ಎಲ್ಲರೂ ಎ ಎಂದೇ ಅನ್ನುತ್ತಾರೆ. ಆದರೆ @ ಎಂಬುದಕ್ಕೆ ಊರಿಗೊಂದು ಹೆಸರು, ಮನೆಗೊಂದು ಹೆಸರು. ಹೆಸರು ನೆಟ್ಟಗಿಲ್ಲದವರನ್ನು ಕರೆಯುವುದು ಹೇಗೆ? ಕರೆದರೂ ಬರುವವರು ಬೇರೆಯವರೇ.

ನಡುವಿನ ಸಿಹಿ

ಭಾಲ್ಕಿಯ ಕ್ಲಾಸಿಗೆ ಹಲಬರ್ಗಾದಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರು ಬರುತ್ತಿದ್ದರು. ಮಗಳಿಗೆ ವರ ನೋಡುತ್ತಿದ್ದರು. ಫೋಟೋ, ಬಯೋಡಾಟಾ ಎಲ್ಲ ಈಗ ಈಮೇಲಿನಲ್ಲೇ ಬರುತ್ತವೆ ಎಂದು ಯಾರೋ ಹೇಳಿದ್ದಕ್ಕೆ ಈಮೇಲ್ ಕಲಿಯಲು ಬಂದಿದ್ದರು. ಅವರಿಗೊಂದು ಈಮೇಲ್ ಮಾಡಿಕೊಟ್ಟೆ. ನಡುವಿನ @ ನೋಡಿ ಮಾಸ್ತರರು ಬಹಳ ಖುಷಿಪಟ್ಟರು.

"ಇದು ಜಿಲೇಬಿ ಇದ್ದಂಗ ಅದಲ್ರಿ!"

ನಾನೂ ನಕ್ಕು ಸುಮ್ಮನಾದೆ.

ಬೀದರಿನ ಒಬ್ಬ ಬಟ್ಟೆ ವ್ಯಾಪಾರಿಯ ಮಗ ಅವರ ಮನಸ್ಸಿಗೆ ಬಂದಿದ್ದ. ಹುಡುಗನ ತಂದೆಗೆ ಮಾಸ್ತರರು ಫೋನಿನಲ್ಲೇ ಈಮೇಲ್ ವಿಳಾಸ ಬರೆಸಿದರು. ಆಮೇಲೆ ಕಾದರು. ಫೋಟೋ ಬರಲಿಲ್ಲ. ಮನೆಯಲ್ಲಿ ಮಾಸ್ತರರ ಹೆಂಡತಿ, "ನೀವು ಫೋನಿನಾಗೂ ಸಾಲಿ ಹುಡುಗರಿಗಿ ಮಾತಾಡಿದಂಗ ಗದರಿಸಿರಬೇಕು. ಅದಕ್ಕ ಹಿಂದ ಸರದಾರ" ಎಂದು ಕಣ್ಣೊರೆಸಿಕೊಂಡರಂತೆ. ಅತ್ತ ಬೀದರಿನಲ್ಲಿ ಈಮೇಲ್ ಹೋಗದ್ದನ್ನು ನೋಡಿ, "ಹುಡುಗಿ ಕಡಿಯವರು ಸುಳ್ಳು ವಿಳಾಸ ಕೊಟ್ಟಾರ" ಎಂದು ಬೇರೆ ಹೆಣ್ಣು ನೋಡುವ ಮಾತು ಶುರುವಾಗಿತ್ತು.

ಮಾಸ್ತರರು ಮಗಳನ್ನೂ ಕರೆದುಕೊಂಡು ಕ್ಲಾಸಿಗೆ ಓಡಿ ಬಂದರು. ನನ್ನೆದುರೇ ಬೀದರಿಗೆ ಫೋನ್ ಹಚ್ಚಿ, ಅವರು ಏನು ಬರೆದುಕೊಂಡಿದ್ದಾರೋ ಓದಲು ಹೇಳಿದರು. ಆ ಕಡೆಯವರು ಒಂದೊಂದೇ ಅಕ್ಷರ ಓದಿದರು. ಮಾಸ್ತರರ ಹೆಸರು. ಆಮೇಲೆ ಜೆ, ಐ, ಎಲ್, ಇ, ಬಿ, ಐ.

"ಸರ್, ಅದಕ್ಕ ಜಿಲೇಬಿ ಅನ್ನಂಗಿಲ್ಲರಿ. ಎಟ್ ಅಂತಾರ" ಎಂದೆ.

ಮಾಸ್ತರರು ಫೋನಿನಲ್ಲಿ ಕೂಗಿದರು: "ಜಿಲೇಬಿ ತೆಗೀರಿ ಸಾವಕಾರ್ರ! ಅಲ್ಲಿ ಎಟ್ ಹಾಕ್ರಿ, ಎಟ್!"

"ಎಂಟೇನ್ರಿ?"

"ಹಾಂ, ಎಟ್!"

ಅವರು ಎಂಟು ಹಾಕಿ ಕಳಿಸಿದರು. ಅದೂ ಹೋಗಲಿಲ್ಲ. ಇಬ್ಬರು ತಂದೆಯರ ದನಿಯೂ ಏರತೊಡಗಿತು. ಇನ್ನೇನು ಸಂಬಂಧ ಮುರಿಯಿತು ಅನ್ನುವಾಗ ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಹುಡುಗಿ ಅಪ್ಪನ ಕೈಯಿಂದ ಫೋನ್ ತೆಗೆದುಕೊಂಡಳು. "ಕಾಕಾರ, ನಿಮ್ಮ ಮಗನ ಕೈಯಾಗ ಜರಾ ಫೋನ್ ಕೊಡ್ರಿ" ಎಂದಳು. ವಿಳಾಸ ಹೇಳುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಫೋನು ಮಾತ್ರ ನನ್ನ ಮುಂದಿನ ಬ್ಯಾಚಿನವರು ಬಂದು ಕೂತರೂ ಮುಗಿಯಲಿಲ್ಲ.

ನಿಶ್ಚಯಕ್ಕೆ ನನ್ನನ್ನೂ ಕರೆದಿದ್ದರು. ಹುಡುಗನ ತಂದೆ ದೊಡ್ಡ ಪರಾತದ ತುಂಬ ಜಿಲೇಬಿ ಹೊತ್ತುಕೊಂಡು ಬಂದು ಮಾಸ್ತರರ ಮುಂದೆ ಇಟ್ಟರು.

"ತಗೋರಿ ಬೀಗರ. ನಿಮ್ಮ ಜಿಲೇಬಿ ಈಮೇಲಿನಾಗ ಹೋಗಲಿಲ್ಲಲ್ಲ, ಅದನ್ನ ಕೈಲೇ ಮುಟ್ಟಿಸಲಿಕ್ಕೆ ಬಂದೇವಿ."

ಹೊರಸು

ಔರಾದದ ಬಸ್‌ಸ್ಟ್ಯಾಂಡಿನಲ್ಲಿ ಬೀದರ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಕಂಬಳಿ ಹೊದ್ದ ಒಬ್ಬ ವಯಸ್ಸಾದ ಮುತ್ಯಾ ಫೋನನ್ನು ಕಿವಿಗೆ ಒತ್ತಿಕೊಂಡು ಯಾರೊಂದಿಗೋ ಜೋರಾಗಿ ಜಗಳಾಡುತ್ತಿದ್ದ.

"ತಾಯಿ, ಹೇಳಿದ್ದೇ ಎಷ್ಟು ಸಲ ಹೇಳ್ತಿ? ನಾ ಕೇಳಿದ್ದಕ್ಕ ಜವಾಬು ಕೊಡು. ನನ್ನ ಕುರಿ ಕುಂಟಕತ್ತಾವ!"

ಮುತ್ಯಾ ನನ್ನ ಕಡೆ ತಿರುಗಿದ. "ನೋಡವ್ವಾ, ಈ ನಂಬರಿಗಿ ಫೋನ್ ಮಾಡಿದ್ರ ಕುರಿ ಡಾಕ್ಟರ್ ಹಟ್ಟಿಗೇ ಬರ್ತಾರಂತ. ಒಬ್ಬಾಕಿ ಹೆಣ್ಣುಮಗಳು ಎತ್ತತಾಳ. ನನ್ನ ಮಾತು ಕಿವಿಗೇ ಹಾಕ್ಕೊಳ್ಳೋದಿಲ್ಲ. ತಂದಷ್ಟೇ ತಾ ಹೇಳ್ತಾಳ. ಪೂರಾ ನಮ್ಮ ಮನ್ಯಾಕಿ ಹಂಗ."

ಫೋನ್ ತೆಗೆದುಕೊಂಡು ಕೇಳಿದೆ. ರೆಕಾರ್ಡ್ ಮಾಡಿದ ದನಿ. "ಕನ್ನಡಕ್ಕಾಗಿ ಒಂದನ್ನು ಒತ್ತಿ, ನಂತರ ಹ್ಯಾಷ್ ಒತ್ತಿ" ಎನ್ನುತ್ತಿತ್ತು.

"ಮುತ್ಯಾ, ಇಕಿ ಮನುಷ್ಯಾಳಲ್ಲ, ಮಿಷನ್ನು. ಒಂದು ಒತ್ತಿ ಹ್ಯಾಷ್ ಒತ್ತಬೇಕು ನೀ."

"ಒಂದು ಗೊತ್ತದ. ಈ ಹ್ಯಾಷ್ ಅನ್ನಾಂವ ಯಾವಾಂವ?"

# ತೋರಿಸಿದೆ. ಮುತ್ಯಾ ಕಣ್ಣು ಕಿರಿದು ಮಾಡಿ ನೋಡಿದ. "ಹೊರಸು ಇದ್ದಂಗ ಅದಲ್ಲ ಇದು! ನಾಕು ಕಾಲು, ನಡುವ ಹಗ್ಗ." ನೋಡಿದರೆ ನಿಜವಾಗಿಯೂ ನುಲಿ ಹೆಣೆದ ಹೊರಸಿನ ಮಂಚವನ್ನು ಮೇಲಿನಿಂದ ನೋಡಿದ ಹಾಗೇ ಇತ್ತು. ಇಷ್ಟು ವರ್ಷ ಅದನ್ನು ಕಲಿಸಿದ ನನಗೆ ಹೊಳೆದಿರಲಿಲ್ಲ.

ಮುತ್ಯಾ ಒಂದು ಒತ್ತಿದ, ಹೊರಸು ಒತ್ತಿದ. ಮತ್ತೆ ದನಿ ಬಂತು: "ನಮ್ಮ ಎಲ್ಲ ಸಿಬ್ಬಂದಿ ಬೇರೆ ಕರೆಯಲ್ಲಿದ್ದಾರೆ. ದಯವಿಟ್ಟು ಕಾಯಿರಿ." ಅದರ ಹಿಂದೆಯೇ ಶಹನಾಯಿ ಶುರುವಾಯಿತು. ನನ್ನ ಬಸ್ಸು ಬಂದು ನಿಂತಿತು. ಶಹನಾಯಿ ನಿಲ್ಲಲಿಲ್ಲ. ಮುತ್ಯಾ ಕಾಲು ಮಡಿಚಿ, ಕಂಬಳಿ ಸರಿ ಮಾಡಿಕೊಂಡು, ಫೋನನ್ನು ಕಿವಿಗಿಟ್ಟುಕೊಂಡು ಆರಾಮಾಗಿ ಕೂತ.

"ಮುತ್ಯಾ, ಬ್ಯಾಸರ ಮಾಡ್ಕೋಬ್ಯಾಡ, ಮಾತಾಡ್ತಾರ" ಎಂದೆ.

"ಬ್ಯಾಸರ ಯಾಕವ್ವಾ? ಮೊದಲು ಹೊರಸು ಹಾಕು ಅಂದಾಗೇ ತಿಳೀತು, ಬಹಳ ಹೊತ್ತು ಕೂಡಿಸ್ತಾರಂತ."

ಅಲೆಯ ಕೀಲಿ

ಇದು ಸಣ್ಣದು. ಔರಾದದಲ್ಲೇ ಹೆಣ್ಣುಮಕ್ಕಳ ಸಂಘದವರಿಗೆ ತರಬೇತಿ ಇತ್ತು. ಎಲ್ಲ ಕೀಲಿಗಳ ಕೆಲಸವನ್ನೂ ಹೇಳಿ ಮುಗಿಸಿದ್ದೆ. ಮುಂದಿನ ಸಾಲಿನ ಒಬ್ಬ ಹಿರಿಯಕ್ಕ ಕೀಬೋರ್ಡಿನ ಎಡಮೂಲೆ ತೋರಿಸಿ ಕೇಳಿದಳು.

"ಮೇಡಂ, ಇಲ್ಲಿ ಒಂದು ಹಾವು ಮಲಗಿದಂಗ ಅದಲ್ರಿ. ಇದೇನ್ ಮಾಡ್ತದ?"

ಅದು ~. ಅದಕ್ಕೆ ಟಿಲ್ಡ್ ಅನ್ನುತ್ತಾರೆಂದು ಹೇಳಿದೆ. ಕೆಲಸ ಏನೆಂದು ಹೇಳಲು ಮಾತ್ರ ನನಗೂ ಬರಲಿಲ್ಲ. "ಅದಕ್ಕ ಇಲ್ಲಿ ಅಂಥಾ ಕೆಲಸೇನಿಲ್ಲರಿ ಅಕ್ಕಾ. ಆದ್ರ ತೆಗಿಲಿಕ್ಕೂ ಬರೋದಿಲ್ಲ. ಮೊದಲಿಂದ ಆ ಜಾಗಾ ಅದಕ್ಕೇ ಕೊಟ್ಟಾರ. ಸುಮ್ಮಕ ಇರ್ತದ" ಎಂದೆ.

ಅಕ್ಕ ತಲೆಯಾಡಿಸಿ ಪಕ್ಕದವಳಿಗೆ ತಿಳಿಸಿ ಹೇಳಿದಳು: "ಗಂಡ, ಗಂಡ."

ಹುಟ್ಟಿದ ದಿನ

ಬೀದರಿನ ಹಳೆಯ ಊರಿನಲ್ಲಿ ಬಿದರಿ ಸಾಮಾನು ಮಾಡುವ ಒಬ್ಬ ಚಾಚಾ ಇದ್ದಾರೆ. ಕಪ್ಪು ಹೂದಾನಿಯ ಮೇಲೆ ಬೆಳ್ಳಿ ತಂತಿಯಲ್ಲಿ ಹೂಬಳ್ಳಿ ಕೂರಿಸುತ್ತಾರೆ. ಎಲ್ಲೋ ದೊಡ್ಡ ಪ್ರದರ್ಶನವಿತ್ತು. ಅಲ್ಲಿ ಮಳಿಗೆ ಬೇಕಾದರೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಿತ್ತು. ಅವತ್ತೇ ಕೊನೆಯ ದಿನ. ಚಾಚಾ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕೂತು ನನಗೆ ಫೋನ್ ಮಾಡಿದರು.

"ಬೇಟಿ, ಈ ಮಿಷನ್ ನಾ ಹುಟ್ಟಿದ ದಿನ ತಪ್ಪು ಅನ್ಲಿಕತ್ತದ. ನಮ್ಮ ಅಮ್ಮಿಗಿಂತ ಇದಕ್ಕ ಜಾಸ್ತಿ ಗೊತ್ತದೇನು?"

ವಿಚಾರಿಸಿದೆ. ತಾರೀಖು, ತಿಂಗಳು, ವರ್ಷದ ನಡುವೆ ಓರೆಗೆರೆ ಹಾಕಬೇಕಿತ್ತು. ಚಾಚಾ \ ಹಾಕುತ್ತಿದ್ದರು. ಬೇಕಾದದ್ದು /.

"ಚಾಚಾ, ಓರೆಗೆರಿ ಎರಡವ. ಒಂದು ಹಿಂದಕ್ಕ ಬಾಗಿದ್ದು, ಒಂದು ಮುಂದಕ್ಕ ಬಾಗಿದ್ದು. ಮುಂದ ಬಾಗಿದ್ದು ಒತ್ರಿ."

"ಅದೇ ಒತ್ತೀನಿ ಬೇಟಿ."

"ಅದಲ್ಲ ಚಾಚಾ, ಇನ್ನೊಂದು."

"ಇನ್ನೊಂದು ಹಿಂದ ಬಾಗ್ಯಾದ."

ಹೀಗೆ ಇಬ್ಬರೂ ಬಹಳ ಹೊತ್ತು ಮುಂದೆ ಹಿಂದೆ ಎಳೆದಾಡಿದೆವು. ಇಬ್ಬರ ದನಿಯೂ ಏರಿತು. ಆಮೇಲೆ ಚಾಚಾ ಒಮ್ಮೆಲೇ ನಗತೊಡಗಿದರು.

"ಅರೇ ಬೇಟಿ, ನಾ ಉರ್ದು ಸಾಲಿಯಾಗ ಕಲ್ತಾಂವ. ನಾವು ಬರೆಯೋದೇ ಬಲಗಡಿಂದ. ನಿನಗ ಎಲ್ಲಿ ಹಿಂದ ಅದ, ನನಗ ಅಲ್ಲೇ ಮುಂದ ಅದ!"

"ಹಂಗಾದ್ರ ಪ್ರಶ್ನೆ ಕೇಳೋ ಗುರುತು ಇರೋ ಕೀಲಿ ನೋಡ್ರಿ, ಅದರ ಕೆಳಗ ಒಂದು ಗೆರಿ ಅದ, ಅದು ಒತ್ರಿ" ಎಂದೆ.

"ಅದೂ ಉಲ್ಟಾನೇ ಅದ. ನಮ್ಮ ಪ್ರಶ್ನೆ ಈ ಕಡಿ ಮುಖ ಮಾಡ್ತದ, ನಿಮ್ಮದು ಆ ಕಡಿ. ಇರಲಿ, ಸಿಕ್ತು."

ಒತ್ತಿದರು. ದೊಡ್ಡ ನಿಟ್ಟುಸಿರು ಕೇಳಿಸಿತು. ಅರ್ಜಿ ಹೋಗಿತ್ತು.

"ಶುಕ್ರ್ ಹೈ. ಒಂದು ಗೆರಿ ಸೊಟ್ಟಗಾದದ್ದಕ್ಕ ನಾ ಹುಟ್ಟಿದ್ದೇ ಸುಳ್ಳು ಮಾಡಿ ಕೂತಿತ್ತು, ಬೇಟಿ!"

ಫಾರಿನ್ ಬ್ಯಾನರ್

ಭಾಲ್ಕಿಯಲ್ಲಿದ್ದಾಗಿನ ಮಾತು. ಅಲ್ಲಿಯ ಒಬ್ಬ ಮುಖಂಡರ ಹುಟ್ಟುಹಬ್ಬಕ್ಕೆ ಅವರ ಹಿಂಬಾಲಕನೊಬ್ಬ ಬ್ಯಾನರಿನ ಮಾತುಗಳನ್ನು ನನ್ನಿಂದ ಟೈಪ್ ಮಾಡಿಸಿಕೊಂಡು ಹೋದ. ಹಳೆಯ ಕನ್ನಡ ಫಾಂಟಿನಲ್ಲಿ ಮಾಡಿಕೊಟ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ಕಾಣೆಯಾಗಿ ಬೇರೆ ಬೇರೆ ಚಿಹ್ನೆಗಳು ಕಾಣಿಸುತ್ತವೆ ಎಂದೂ, ಮುದ್ರಿಸುವ ಮೊದಲು ನೋಡಿಕೊಳ್ಳಬೇಕೆಂದೂ ಒತ್ತಿ ಹೇಳಿದ್ದೆ. "ಆಯ್ತ್ರಿ ಮೇಡಂ" ಎಂದಿದ್ದ. ಫ್ಲೆಕ್ಸ್ ಅಂಗಡಿಯಲ್ಲಿ ಬಹಳ ಗದ್ದಲವಿತ್ತು. ನೋಡಿಕೊಂಡಿರಲಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ಹಿಂಬಾಲಕ ಬಿಳಿಚಿಕೊಂಡು ನನ್ನ ಬಾಗಿಲಿಗೆ ಬಂದ. "ಮೇಡಂ, ನಾ ಊರು ಬಿಡಬೇಕಾಗ್ತದ. ಬರ್ರಿ ಜರಾ."

ಚೌಕಕ್ಕೆ ಹೋದೆ. ಮನೆಯಷ್ಟೆತ್ತರದ ಬ್ಯಾನರು. ಅದರ ತುಂಬ ಮುಖಂಡರು ಕೈಮುಗಿದು ನಗುತ್ತಿದ್ದಾರೆ. ಕೆಳಗೆ ಕೆಂಪು ಬಣ್ಣದಲ್ಲಿ, ಒಂದೊಂದೂ ಮೊಳದುದ್ದ: £, ¥, §, ಮತ್ತೆ £, ತಲೆ ಮೇಲೆ ಗೀಟು ಎಳೆದ ಎ, ಮತ್ತೊಂದು ¥. ಅವರ ಹೆಸರಾಗಲಿ, ಶುಭಾಶಯವಾಗಲಿ, ಕನ್ನಡದ ಒಂದು ಒತ್ತಕ್ಷರವಾಗಲಿ ಎಲ್ಲಿಯೂ ಇಲ್ಲ.

ಕೆಳಗೆ ಜನ ನೆರೆದಿತ್ತು. ಆಟೋದವರು ಆಟೋ ನಿಲ್ಲಿಸಿ ಓದಲು ನೋಡುತ್ತಿದ್ದರು. "ಇದು ಹಳೇ ಮರಾಠಿ ಮೋಡಿ ಲಿಪಿ ಇರಬೇಕು" ಎಂದ ಒಬ್ಬ. "ಮೋಡಿ ಅಲ್ಲಪಾ, ಇದು ಇಂಗ್ಲೆಂಡಿನ ರೊಕ್ಕದ ಗುರುತು. ಅದು ಜಪಾನಿಂದು" ಎಂದ ಕಾಲೇಜಿನ ಹುಡುಗನೊಬ್ಬ. ಎದುರು ಪಾರ್ಟಿಯವನೊಬ್ಬ ಚಹಾ ಕುಡಿಯುತ್ತಾ ಶಾಂತವಾಗಿ ಹೇಳಿದ: "ತಾನೇ ಖುಷಿಲೇ ಆಸ್ತಿ ವಿವರ ಹೊರಗ ಹಾಕ್ಯಾನ. ಒಳ್ಳೆ ಮನುಷ್ಯ."

ಅಷ್ಟರಲ್ಲಿ ಮುಖಂಡರ ಜೀಪೇ ಬಂತು. ಹಿಂಬಾಲಕ ನನ್ನ ಹಿಂದೆ ಸರಿದ. ಮುಖಂಡರು ಇಳಿದು, ಕಪ್ಪು ಕನ್ನಡಕ ತೆಗೆದು, ಮೇಲಿನಿಂದ ಕೆಳಗಿನವರೆಗೂ ಬ್ಯಾನರ್ ನೋಡಿದರು. ಆಮೇಲೆ ಜನರನ್ನು ನೋಡಿದರು. ಜನ ಇನ್ನೂ ಬರುತ್ತಲೇ ಇತ್ತು. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದರು.

"ಯಾರು ಮಾಡಿಸಿದ್ದು ಇದು?"

ಹಿಂಬಾಲಕ ಕೈ ಜೋಡಿಸಿ ಮುಂದೆ ಬಂದ. "ಧಣಿ, ತಪ್ಪಾಗ್ಯಾದ. ಈಗೇ ಇಳಿಸ್ತೇನಿ."

"ಇಳಿಸ್ತೀ ಯಾಕ? ಪ್ರತಿ ವರ್ಷ ಕನ್ನಡದಾಗ ಹಾಕ್ತಿದ್ದಿ, ಒಬ್ಬನೂ ತಲಿ ಎತ್ತಿ ನೋಡಿದ್ದಿಲ್ಲ. ಇವತ್ತ ಪೂರಾ ಭಾಲ್ಕಿ ನಿಂತು ಓದಕತ್ತದ!"

ಮರುವರ್ಷ ಆ ಹಿಂಬಾಲಕ ಮತ್ತೆ ಬಂದ. ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ, "ಮೇಡಂ, ಅದೇ ಫಾರಿನ್ ಫಾಂಟಿನಾಗ ಮಾಡಿಕೊಡ್ರಿ" ಎಂದ.

ಕಂಸ

ನೌಬಾದದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಸರಕಾರಿ ಕಚೇರಿಯೊಂದರಲ್ಲಿ ಶೀಘ್ರಲಿಪಿಕಾರರಾಗಿದ್ದು ನಿವೃತ್ತರಾದವರು. ಸಾಹೇಬರು ಹೇಳುವುದು, ಇವರು ಬರೆದುಕೊಳ್ಳುವುದು. ವಿರಾಮಚಿಹ್ನೆಗಳನ್ನೂ ಬಿಡದೆ ಹೇಳುವುದು ಆ ಸಾಹೇಬರ ಪದ್ಧತಿ. "ತಮಗೆ ತಿಳಿಸುವುದೇನೆಂದರೆ ಅಲ್ಪವಿರಾಮ, ಕಡತ ಕಳೆದಿದೆ ಪೂರ್ಣವಿರಾಮ." ನೌಕರಿ ಪೂರ್ತಿ ಇದನ್ನೇ ಕೇಳಿದ ಕಿವಿ ಅವರದು.

ವಯಸ್ಸಾಗಿ ಬೆರಳು ನಡುಗತೊಡಗಿದವು, ಕಣ್ಣೂ ಮಂಜಾದವು. ಮೊಬೈಲಿನಲ್ಲಿ ಟೈಪ್ ಮಾಡಲು ಕಷ್ಟವಾಯಿತು. "ಕಾಕಾ, ನೀವು ಬಾಯಿಲೇ ಹೇಳ್ರಿ, ಫೋನೇ ಬರಕೋತದ" ಎಂದು ನಾನೇ ಕಲಿಸಿದೆ. ಕಾಕಾ ಮೈಕಿನ ಗುರುತು ಒತ್ತಿ ಎದೆಯುಬ್ಬಿಸಿ ಕೂತರು. ಬರೆದುಕೊಂಡೇ ಬದುಕು ಕಳೆದವರಿಗೆ ಮೊದಲ ಸಲ ಬರೆಸುವ ಭಾಗ್ಯ. ಅವತ್ತೇ ಸಂಜೆ ತವರಿಗೆ ಹೋಗಿದ್ದ ಹೆಂಡತಿ ಕಾಕುವಿಗೆ ಸಂದೇಶ ಹೋಯಿತು: "ಆರಾಮ ಇದ್ದೇನೆ ಅಲ್ಪವಿರಾಮ ಊಟ ಆಯಿತು ಪೂರ್ಣವಿರಾಮ ಯಾವಾಗ ಬರುತ್ತೀ ಪ್ರಶ್ನಾರ್ಥಕ." ಕಾಕು ಗಾಬರಿಬಿದ್ದು ಮರುದಿನವೇ ಬಂದುಬಿಟ್ಟರು. ಚಿಹ್ನೆಗಳ ಹೆಸರು ಹೇಳಿದರೆ ಫೋನು ಹೆಸರನ್ನೇ ಬರೆಯುತ್ತದೆ, ಕಳಿಸುವ ಮೊದಲು ಓದಿ ನೋಡಿ ಎಂದು ಕಾಕಾಗೆ ಹೇಳಿದೆ. "ಕಣ್ಣು ಕಾಣ್ತಿದ್ರ ಟೈಪೇ ಮಾಡ್ತಿದ್ದೆನಲ್ಲವ್ವಾ" ಎಂದರು.

ಅದೇ ದಿನಗಳಲ್ಲಿ ಅವರ ಹಳೆಯ ಸಾಹೇಬರು ತೀರಿಹೋದರು. ಬಹಳ ಕಟ್ಟುನಿಟ್ಟಿನ, ಸಿಟ್ಟಿನ ಸಾಹೇಬರು. ಆದರೂ ಕಾಕಾಗೆ ಅವರ ಮೇಲೆ ಜೀವ. ನಿವೃತ್ತ ನೌಕರರ ವಾಟ್ಸಾಪ್ ಗ್ರೂಪಿಗೆ ಮೊದಲ ಸುದ್ದಿ ತಮ್ಮದೇ ಇರಬೇಕೆಂದು ಕಣ್ಣೀರು ಒರೆಸಿಕೊಳ್ಳುತ್ತಾ ಫೋನಿಗೆ ಹೇಳಿ ಕಳಿಸಿದರು. ಆ ಗ್ರೂಪಿನಲ್ಲಿ ಸಾಹೇಬರ ಮಗನೂ ಇದ್ದ.

ಸ್ವಲ್ಪ ಹೊತ್ತಿಗೆ ಕಾಕಾ ಚಪ್ಪಲಿ ಇಲ್ಲದೆ ನಮ್ಮ ಮನೆಗೆ ಓಡಿ ಬಂದರು. "ನೋಡವ್ವಾ, ಎಲ್ಲರೂ ಫೋನ್ ಮಾಡಿ ನಗಲಿಕತ್ತಾರ. ಸತ್ತ ಮನಿ ಸುದ್ದಿಗಿ ನಗ್ತಾರೇನು?"

ಫೋನ್ ಇಸಿದುಕೊಂಡು ಓದಿದೆ:

"ನಮ್ಮ ಪ್ರೀತಿಯ ಸಾಹೇಬರು ಕಂಸ ನಿವೃತ್ತ ಕಂಸ ಮುಗಿಯಿತು ಇಂದು ಬೆಳಿಗ್ಗೆ ತೀರಿಕೊಂಡರು ಪೂರ್ಣವಿರಾಮ ಅವರ ಪ್ರಾಮಾಣಿಕತೆಗೆ ಸಾಟಿ ಯಾರು ಪ್ರಶ್ನಾರ್ಥಕ ಅವರ ಆತ್ಮಕ್ಕೆ ಶಾಂತಿ ಸಿಗಲಿ ಆಶ್ಚರ್ಯ"

ಕೆಳಗೆ ಒಬ್ಬ ಹಳೆಯ ಗುಮಾಸ್ತರು ಬರೆದಿದ್ದರು: "ನಾವು ಹಿಂದಿಂದ ಅಂತಿದ್ದೆವು. ನೀವು ಧೈರ್ಯ ಮಾಡಿ ಮುಂದೇ ಬರದೀರಿ."

ಅಳಿಸಿ ಪ್ರಯೋಜನವಿರಲಿಲ್ಲ, ಎಲ್ಲರೂ ಓದಿಯಾಗಿತ್ತು. ಕಾಕಾ ಗೋಡೆಗೆ ಒರಗಿ ಕೂತುಬಿಟ್ಟರು. "ಅವರ ಅನ್ನ ಉಂಡು ಅವರಿಗೇ ಕಂಸ ಅಂದಂಗಾತಲ್ಲ! ಬಾಯಿಸಾಹೇಬರಿಗಿ ಯಾವ ಮುಖ ತೋರಿಸಲಿ?" ಎಂದು ಹಲುಬಿದರು. ಕಲಿಸಿದವಳು ನಾನೇ ಅಲ್ಲವೇ? ಆಟೋ ಮಾಡಿಕೊಂಡು ಇಬ್ಬರೂ ಬೀದರಿನ ಸಾಹೇಬರ ಮನೆಗೆ ಹೋದೆವು.

ಪಡಸಾಲೆಯ ತುಂಬ ಜನ. ಸಾಹೇಬರ ಹೆಂಡತಿ ಬಾಯಿಸಾಹೇಬರು ಚಾಪೆಯ ಮೇಲೆ ಕೂತಿದ್ದರು. ಮಗ ಬಾಗಿಲಲ್ಲಿ ಫೋನ್ ಹಿಡಿದು ನಿಂತಿದ್ದ. ನಮ್ಮನ್ನು ನೋಡಿ ಮುಖ ಬಿಗಿದ. ಕಾಕಾ ನೇರವಾಗಿ ಹೋಗಿ ಬಾಯಿಸಾಹೇಬರ ಮುಂದೆ ಕೈಮುಗಿದು ನಿಂತರು.

"ತಾಯಿ, ನಾ ಶಾಂತಿ ಸಿಗಲಿ ಅಂತಷ್ಟೇ ಅಂದೇನಿ. ಆ ಆಶ್ಚರ್ಯ ಅನ್ನೋದು ಚಿಹ್ನೆರಿ. ಫೋನು ಚಿಹ್ನೆ ಹಾಕೋದು ಬಿಟ್ಟು ಮಾತು ಬರದದ."

ಅವರಿಗೆ ಏನೂ ತಿಳಿಯಲಿಲ್ಲ. "ಏನು ಬರದದ, ಓದು" ಎಂದು ಮಗನಿಗೆ ಹೇಳಿದರು. ಮಗ ಹಿಂಜರಿದ. "ಓದು" ಎಂದರು ಮತ್ತೆ. ಮಗ ಓದಿದ.

ಬಾಯಿಸಾಹೇಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು. ಅಳು ಒತ್ತರಿಸಿತೆಂದು ಕಾಕಾ ಅವರ ಕಾಲಿಗೇ ಬೀಳಲು ಬಾಗಿದರು. ಸೆರಗು ಸರಿಯಿತು. ನೋಡಿದರೆ ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಇತ್ತು, ಬಾಯಲ್ಲಿ ನಗೆ ಇತ್ತು.

"ಖರೇ ಬರದೀರಿ. ಚಹಾದಾಗ ಸಕ್ರಿ ಕಮ್ಮಿ ಆದ್ರ ಪೂರಾ ಗಲ್ಲಿಗಿ ಕೇಳಂಗ ಒದರ್ತಿದ್ರು. ಅವರಿಗಿ ಶಾಂತಿ ಸಿಕ್ರ ಆಶ್ಚರ್ಯನೇ ಅಲ್ರಿ?"

ಮಗನ ಬಿಗಿದ ಮುಖವೂ ಸಡಿಲಾಯಿತು. ಕಾಕಾಗೆ ಧೈರ್ಯ ಬಂತು. "ಮತ್ತ ಆ ಇನ್ನೊಂದು ಮಾತು, ತಾಯಿ... ಕಂಸ... ಅದೂ ಚಿಹ್ನೆನೇರಿ. ದೇವರಾಣಿ, ನಾ ಬೈದಿಲ್ಲ" ಎಂದು ತೊದಲಿದರು.

ಬಾಯಿಸಾಹೇಬರು ಕಣ್ಣೊರೆಸಿಕೊಂಡು ಗೋಡೆಯ ಮೇಲಿನ ಸಾಹೇಬರ ಫೋಟೋವನ್ನು ಒಮ್ಮೆ ನೋಡಿದರು.

"ಇರಲಿ ಬಿಡ್ರಿ. ಮನ್ಯಾಗ ನಾನೂ ಹಂಗೇ ಕರೀತಿದ್ದೆ. ಆಫೀಸಿನಾಗೂ ಅದೇ ಹೆಸರಂತ ಗೊತ್ತಿದ್ದಿಲ್ಲ."